ಜುಹೂವಿನ ವಿದ್ಯುದಂಚೆ: ಮುಂಬಯಿಯಲ್ಲಿ ಮೇಲ್ ಸರ್ವರ್ ತಂತ್ರಾಂಶದ ಪೂರ್ವಚರಿತ್ರೆ

ಭಾರತದಲ್ಲಿ ಅಂತರ್ಜಾಲದ ಚರಿತ್ರೆಯನ್ನು 1995ರ ಆಗಸ್ಟ್ 15ರಿಂದ, ಎಂದರೆ ವಿದೇಶ ಸಂಚಾರ ನಿಗಮವು ಆ ಸೇವೆಯನ್ನು ಸಾರ್ವಜನಿಕರಿಗೆ ತೆರೆದ ದಿನದಿಂದ, ಆರಂಭಿಸುವ ರೂಢಿ ಬಲವಾಗಿ ನೆಲೆಗೊಂಡಿದೆ. ಗ್ರಾಹಕರ ಚರಿತ್ರೆಗೆ ಈ ಕಾಲಗಣನೆ ಯುಕ್ತವಾದುದೇ. ವಿದ್ಯುದಂಚೆಯ ಚರಿತ್ರೆಗೆ ಮಾತ್ರ ಇದು ಸಲ್ಲದು. ತತ್ಪೂರ್ವದಲ್ಲಿಯೇ ಮುಂಬಯಿಯ ಉಪನಗರಗಳಾದ ಜುಹೂ ಮತ್ತು ಪೊವಾಯಿಗಳ ನಡುವೆ ಗಣಕದಿಂದ ಗಣಕಕ್ಕೆ ಪತ್ರಗಳು ಸಂಚರಿಸುತ್ತಿದ್ದುವು. ಮತ್ತು ಯಾವ ತಂತ್ರಾಂಶವನ್ನು ಆರಿಸಿ ಹೇಗೆ ಅಣಿಗೊಳಿಸಬೇಕೆಂಬ ಪ್ರಶ್ನೆಗೆ ಉತ್ತರವನ್ನು ಆಗ ಕೊಟ್ಟುದು ತಂತ್ರಾಂಶದ ಗುಣಾತಿಶಯವಲ್ಲ, ನಗರದ ದೂರವಾಣಿ ತಂತಿ.

1986ರಲ್ಲಿ ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆಯು ಸಂಯುಕ್ತ ರಾಷ್ಟ್ರಗಳ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ‘ಅರ್ನೆಟ್’ ಎಂಬ ಶಿಕ್ಷಣ ಮತ್ತು ಸಂಶೋಧನಾ ಜಾಲವನ್ನು ಕೈಗೊಂಡಿತು. ಐದು ಐಐಟಿಗಳು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಸ್ವತಃ ಇಲಾಖೆ, ಮತ್ತು ಜುಹೂವಿನ ರಾಷ್ಟ್ರೀಯ ತಂತ್ರಾಂಶ ತಂತ್ರಜ್ಞಾನ ಕೇಂದ್ರ, ಇವು ಅದರ ಅಂಗಸಂಸ್ಥೆಗಳು. ಎನ್‌ಸಿಎಸ್‌ಟಿ ಎಂದೇ ಪ್ರಸಿದ್ಧವಾದ ಈ ಕೊನೆಯ ಸಂಸ್ಥೆಯ ನಿರ್ದೇಶಕರಾಗಿದ್ದ ಶ್ರೀನಿವಾಸನ್ ರಮಣಿಯವರು 1982ರಷ್ಟು ಹಿಂದೆಯೇ, ರಿಚರ್ಡ್ ಮಿಲ್ಲರ್ ಅವರೊಡಗೂಡಿ, ಸಂದೇಶಗಳನ್ನು ಪಡೆದು ಇರಿಸಿಕೊಂಡು ಮುಂದಕ್ಕೆ ಸಾಗಿಸಬಲ್ಲ, ಭೂಮಿಗೆ ಸಮೀಪದಲ್ಲಿ ಸುತ್ತುವ ಉಪಗ್ರಹವೊಂದನ್ನು ಪ್ರತಿಪಾದಿಸಿದ್ದರು. ನಿರಂತರ ಸಂಪರ್ಕವಿಲ್ಲದ ನಾಡಿಗೂ ಪತ್ರವ್ಯವಹಾರ ಸಾಧ್ಯವೆಂಬ ಆ ದೃಷ್ಟಿಯೇ ಮುಂಬಯಿಯ ಪ್ರಯೋಗಗಳಿಗೂ ಆಧಾರವಾಯಿತೆಂದು ನಾನು ಭಾವಿಸುತ್ತೇನೆ.

ಪತ್ರವಿನಿಮಯಕ್ಕೆ ಎಸ್‌ಎಂಟಿಪಿ ಎಂಬ ನಿಯಮಾವಳಿಯನ್ನು ಜಾನ್ ಪೋಸ್ಟೆಲ್ 1982ರಲ್ಲಿಯೇ ಪ್ರಕಟಿಸಿದ್ದರೂ ಅದು ಕಳುಹುವ ಮತ್ತು ಪಡೆಯುವ ಗಣಕಗಳೆರಡೂ ಏಕಕಾಲದಲ್ಲಿ ಎಚ್ಚರವಾಗಿದ್ದು ನೇರವಾಗಿ ಸಂಭಾಷಿಸುವುದನ್ನು ಅಪೇಕ್ಷಿಸುತ್ತಿತ್ತು. ಸಾಮಾನ್ಯ ದೂರವಾಣಿಯನ್ನು ಮೋಡೆಮ್ಮಿಗೆ ಜೋಡಿಸಿ ಕೆಲಸ ಸಾಗಿಸಬೇಕಾದ ಕಡೆ ಇದು ದುಸ್ಸಾಧ್ಯ. ಆದುದರಿಂದಲೇ ಬೆಲ್ ಪ್ರಯೋಗಾಲಯದಲ್ಲಿ ಮೈಕ್ ಲೆಸ್ಕ್ ರಚಿಸಿದ ಯುಯುಸಿಪಿ ಎಂಬ ಹಳೆಯ ಪದ್ಧತಿ ಇಲ್ಲಿಗೆ ಒಗ್ಗಿತು: ಪತ್ರಗಳನ್ನು ಸರದಿಯಲ್ಲಿ ಕೂಡಿಟ್ಟುಕೊಂಡು, ಲೈನ್ ಸಿಕ್ಕಾಗ ಮುಂದಿನ ಗಣಕಕ್ಕೆ ಕರೆಮಾಡಿ, ಒಟ್ಟಾಗಿ ದಾಟಿಸಿಬಿಡುವುದು ಅದರ ಕ್ರಮ. 1986-87ರ ವೇಳೆಗೆ ಎನ್‌ಸಿಎಸ್‌ಟಿಗೂ ಪೊವಾಯಿಯ ಐಐಟಿಗೂ ಅಂಚೆ ನಡೆದುದು ಈ ಮಾರ್ಗದಿಂದಲೇ. 1988ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಗಣಿತ ಮತ್ತು ಗಣಕವಿಜ್ಞಾನ ಕೇಂದ್ರದೊಡನೆ ಸಂಪರ್ಕವೇರ್ಪಟ್ಟುದೂ ಡಯಲ್ ಮಾಡಿಯೇ.

ಅಣಿಗೊಳಿಸುವ ಕಾರ್ಯದ ನಿಜವಾದ ಕ್ಲೇಶವಿದ್ದುದು ವಿಳಾಸದಲ್ಲಿ. ಯುಯುಸಿಪಿಯ ವಿಳಾಸವು ಪತ್ರ ಹಾದುಹೋಗಬೇಕಾದ ಗಣಕಗಳನ್ನೆಲ್ಲ ಉದ್ಗಾರ ಚಿಹ್ನೆಯಿಂದ ಪೋಣಿಸಿದ ಸಾಲು. ಅದನ್ನು ಎಡದಿಂದ ಓದಬೇಕು. ಜುಹೂವಿನ ದ್ವಾರಗಣಕದ ಹೆಸರು ‘ಶಕ್ತಿ’. ಅಮೆರಿಕದಿಂದ ಬರೆಯುವವನು ಮೊದಲು ಅಲ್ಲಿಯ ಯುಯುನೆಟ್ ಎಂಬ ಅಂಚೆಸಂಪರ್ಕ ಸಂಸ್ಥೆಯ ಗಣಕ, ಬಳಿಕ ಶಕ್ತಿ, ಅದರಾಚೆ ಬೇರೊಂದು ಗಣಕ, ಕಡೆಯಲ್ಲಿ ವ್ಯಕ್ತಿಯ ಹೆಸರು, ಹೀಗೆ ದಾರಿಯನ್ನು ತಾನೇ ಬರೆದುಕೊಡಬೇಕಾಗಿತ್ತು. ಹೊಸ ಡೊಮೇನ್ ಪದ್ಧತಿಯ ವಿಳಾಸವಾದರೋ ಸ್ಥಳವನ್ನು ಹೇಳುವುದೇ ಹೊರತು ದಾರಿಯನ್ನಲ್ಲ. ಅದರಲ್ಲಿ ‘@’ ಗುರುತಿನ ಬಲಭಾಗವನ್ನು ಮೊದಲು ನೋಡಬೇಕು. ಎರಡು ಚಿಹ್ನೆಗಳೂ ಒಂದೇ ವಿಳಾಸದಲ್ಲಿ ಬೆರೆತಾಗ ಯಾವುದಕ್ಕೆ ಪ್ರಾಧಾನ್ಯವೆಂಬುದು ಸಂದಿಗ್ಧವಾಗಿ, ಪತ್ರವು ಬಂದ ದಾರಿಗೇ ಮರಳಿದರೂ ಮರಳಬಹುದು. ಈ ಸಂದಿಗ್ಧವನ್ನು ಪರಿಹರಿಸುವ ಸಾಮರ್ಥ್ಯವೇ ಬರ್ಕ್ಲಿಯಲ್ಲಿ ಎರಿಕ್ ಆಲ್ಮನ್ ರಚಿಸಿದ ಸೆಂಡ್‌ಮೇಲ್ ತಂತ್ರಾಂಶಕ್ಕೆ ಯುನಿಕ್ಸ್ ಲೋಕದಲ್ಲಿ ಅಗ್ರಸ್ಥಾನವನ್ನು ದೊರಕಿಸಿತು. ವಿಳಾಸವನ್ನು ತುಂಡರಿಸಿ ಪುನಃ ಬರೆಯುವ ಸೂತ್ರಗಳನ್ನು ನಿರ್ವಾಹಕನೇ ಒಂದು ಕಡತದಲ್ಲಿ ಸೇರಿಸಬಹುದಾಗಿತ್ತು. ವ್ಯಾಕರಣಸೂತ್ರಗಳಂತೆ ಸಂಕ್ಷಿಪ್ತವೂ ದುರ್ಬೋಧವೂ ಆದ ಆ ಸೂತ್ರಗಳಲ್ಲಿ ಒಂದಕ್ಷರ ತಪ್ಪಿದರೂ ಇಡೀ ಸಂಸ್ಥೆಯ ಅಂಚೆ ದಾರಿತಪ್ಪುತ್ತಿತ್ತು. ಈ ಅನಾಮಿಕ ನಿರ್ವಾಹಕರ ಶ್ರಮಕ್ಕೆ ನಮ್ಮ ಗಣಕಚರಿತ್ರೆಯು ತಕ್ಕ ಸ್ಥಾನವನ್ನು ಇನ್ನೂ ಕೊಟ್ಟಿಲ್ಲ.

1989ರಲ್ಲಿ ಎರಡು ಘಟನೆಗಳು ಸ್ಥಿತಿಯನ್ನು ಮಾರ್ಪಡಿಸಿದುವು. ಸೆಕೆಂಡಿಗೆ 9.6 ಕಿಲೋಬಿಟ್ ಸಾಗಿಸಬಲ್ಲ ಬಾಡಿಗೆಯ ತಂತಿಯೊಂದು ಜುಹೂವನ್ನು ವರ್ಜೀನಿಯದ ಯುಯುನೆಟ್ಟಿಗೆ ಜೋಡಿಸಿತು. ಆ ವರ್ಷದ ಮೇ 8ರಂದು ‘.ಇನ್’ ಎಂಬ ದೇಶನಾಮವು ಎನ್‌ಸಿಎಸ್‌ಟಿಯ ವಶದಲ್ಲಿ ನೋಂದಣಿಯಾಯಿತು. ಡೊಮೇನ್ ದಾಖಲೆಯಲ್ಲಿ ‘ಈ ಹೆಸರಿನ ಅಂಚೆಯನ್ನು ಇಂಥ ಗಣಕವು ಸ್ವೀಕರಿಸತಕ್ಕದ್ದು’ ಎಂದು ಬರೆದಿಡುವ ಎಂಎಕ್ಸ್ ವಿಧಾನವು ಮೂರು ವರ್ಷ ಮುಂಚೆಯೇ ರೂಪುಗೊಂಡಿತ್ತಾದ್ದರಿಂದ, ದಾರಿಯನ್ನು ಕಂಡುಹಿಡಿಯುವ ಭಾರ ಬರೆಯುವವನ ಹೆಗಲಿನಿಂದ ಸರ್ವರಿನ ಮೇಲಕ್ಕೆ ವರ್ಗವಾಯಿತು.

ಮುಂದಿನ ಕಥೆ ಹೆಚ್ಚು ಪರಿಚಿತವಾದುದು. ವಿದೇಶ ಸಂಚಾರ ನಿಗಮದ ಗ್ರಾಹಕರು ಪೈನ್ ತಂತ್ರಾಂಶದಲ್ಲಿ ಪತ್ರವೋದಿದರು. 1996ರಲ್ಲಿ ಮುಂಬಯಿಯಲ್ಲಿ ಜನಿಸಿದ ರೆಡಿಫ್ ತನ್ನ ಅಂಚೆಗೆ ಡ್ಯಾನಿಯಲ್ ಬರ್ನ್‌ಸ್ಟೈನ್ ಅವರ ಕ್ಯೂಮೇಲನ್ನು ಆಶ್ರಯಿಸಿತೆಂಬುದಕ್ಕೆ ಅದರ ಪತ್ರಗಳ ಶಿರೋಲೇಖಗಳೇ ಸಾಕ್ಷಿ. 1988ರ ನವೆಂಬರಿನಲ್ಲಿ ಸೆಂಡ್‌ಮೇಲಿನ ಒಂದು ರಂಧ್ರದ ಮೂಲಕವೂ ಗಣಕದಿಂದ ಗಣಕಕ್ಕೆ ತಾನಾಗಿ ಹಬ್ಬಿದ ‘ಮಾರಿಸ್ ಕ್ರಿಮಿ’ ಎಂಬ ಉಪದ್ರವಕಾರಿ ತಂತ್ರಾಂಶದ ತರುವಾಯ ಭದ್ರತೆಯ ಚಿಂತೆ ಬೆಳೆದು, ಕೆಲಸಗಳನ್ನು ಹಲವು ಸಣ್ಣ ಘಟಕಗಳಿಗೆ ಹಂಚಿದ ಕ್ಯೂಮೇಲ್, ಪೋಸ್ಟ್‌ಫಿಕ್ಸ್ ಎಂಬ ಅಂಚೆ ತಂತ್ರಾಂಶಗಳಿಗೆ ಮನ್ನಣೆ ಸಂದಿತು.

ಕನ್ನಡದ ಪಾಲಿಗೆ ಮಾತ್ರ ಹಾದಿ ನಿಧಾನವಾಗಿ ತೆರೆಯಿತು. ಏಳು ಬಿಟ್ಟಿನ ಅಕ್ಷರಗಳಿಗಷ್ಟೇ ಎಡೆಯಿದ್ದ ಅಂಚೆಯಲ್ಲಿ ಕನ್ನಡ ಲಿಪಿ ಸುರಕ್ಷಿತವಾಗಿ ದಾಟಲು 1992ರ ಮೈಮ್ ನಿಯಮ ಬೇಕಾಯಿತು. ವಿಳಾಸವನ್ನೇ ಕನ್ನಡದಲ್ಲಿ ಬರೆಯಲು 2012ರ ನಿಯಮ ಬೇಕಾಯಿತು, ಅದನ್ನು ಪೋಸ್ಟ್‌ಫಿಕ್ಸ್ 2015ರಲ್ಲಿ ಅಳವಡಿಸಿಕೊಂಡಿತು. ನಿರ್ವಾಹಕರು ವಿಳಾಸಸೂತ್ರಗಳನ್ನು ಬರೆದಿಟ್ಟ 1980ರ ದಶಕದ ಆ ಕಡತಗಳು ಈ ಚರಿತ್ರೆಯ ಮೂಲಶಾಸನಗಳಾಗಿರುವುದರಿಂದ, ಜುಹೂ, ಪೊವಾಯಿಗಳಲ್ಲಿ ದುಡಿದು ನಿವೃತ್ತರಾದವರು ತಮ್ಮಲ್ಲಿ ಉಳಿದಿರಬಹುದಾದ ಮುದ್ರಿತ ಪ್ರತಿಗಳನ್ನೂ ಟೇಪುಗಳನ್ನೂ ರದ್ದಿಗೆ ಹಾಕದೆ ಯಾವುದಾದರೂ ವಿಶ್ವವಿದ್ಯಾಲಯದ ಗ್ರಂಥಭಂಡಾರಕ್ಕೆ ಒಪ್ಪಿಸಬೇಕೆಂದು ಪ್ರಾರ್ಥಿಸುತ್ತೇನೆ.