ಗಾಲಿಯ ಓರೆ: ಕುಲುಮೆಯಿಂದ ಕಾರಿನವರೆಗೆ

ಮನೆಯ ಮುಂದೆ ನಿಲ್ಲಿಸಿದ ಕಾರನ್ನು ಹತ್ತು ಹೆಜ್ಜೆ ದೂರದಿಂದ, ಎದುರಿಗೆ ನಿಂತು ನೋಡಿ. ಮುಂದಿನ ಎರಡೂ ಗಾಲಿಗಳು ನೆಟ್ಟಗೆ ನಿಂತಿವೆಯೆಂದೇ ಕಣ್ಣಿಗೆ ತೋರುತ್ತದೆ. ಅಳೆದು ನೋಡಿದರೆ ಹಾಗಿರುವುದು ಅಪರೂಪ. ತಲೆಯ ಕಡೆ ಅವು ತುಸು ಒಳಕ್ಕೋ ಹೊರಕ್ಕೋ ವಾಲಿರುತ್ತವೆ. ಈ ಓರೆಗೆ ಮೋಟಾರಿನವರು ‘ಕ್ಯಾಂಬರ್’ ಎನ್ನುತ್ತಾರೆ. ಕಾರ್ಖಾನೆಯವರು ಕೂಡಿಸಿ ಕಳಿಸಿದ ಓರೆಯನ್ನು ತಮಗೆ ಬೇಕಾದಂತೆ ಬದಲಿಸಿಕೊಳ್ಳಲು ‘ಕ್ಯಾಂಬರ್ ಪ್ಲೇಟ್’ ಎಂಬ ಲೋಹದ ಫಲಕಗಳು ಮಾರಾಟಕ್ಕೆ ಸಿಗುತ್ತವೆ. ಅವನ್ನು ತರಿಸಿ, ಗ್ಯಾರೇಜಿನ ಮೆಟ್ಟಿಲು ಹತ್ತದೆ, ಅಂಗಳದಲ್ಲೇ ಜೋಡಿಸಿಕೊಳ್ಳುವ ಹುಮ್ಮಸ್ಸಿನ ತರುಣರಿದ್ದಾರೆ. ಇದೆಂಥ ಖಯಾಲಿ ಎಂದು ಹಿರಿಯರು ಗೊಣಗಬಹುದು. ಆದರೆ ಗಾಲಿಯನ್ನು ಮನೆಯ ಮುಂದೆಯೇ ಹದಗೊಳಿಸುವುದು ನಮ್ಮ ಸೀಮೆಗೆ ಹೊಸದೇನಲ್ಲ.

ಮಹಾಲಿಂಗಪುರ ಬೆಲ್ಲದ ಪೇಟೆಯೆಂದು ಹೆಸರಾದ ಊರು. ಲಾರಿ, ಟ್ರ್ಯಾಕ್ಟರುಗಳು ಬರುವ ಮೊದಲು ಬೆಲ್ಲದ ಪೆಂಟೆಗಳನ್ನು ಹೊತ್ತು ತರುತ್ತಿದ್ದುದು ಚಕ್ಕಡಿ. ಎರೆಭೂಮಿಯ ದಾರಿ ಬೇಸಗೆಯಲ್ಲಿ ಕಲ್ಲಿನಂತೆ ಗಟ್ಟಿ, ಮಳೆಗಾಲದಲ್ಲಿ ಗಾಲಿಯನ್ನೇ ನುಂಗುವಷ್ಟು ಮೆತ್ತಗೆ. ಇಂಥ ದಾರಿಯಲ್ಲಿ ತುಂಬಿದ ಗಾಡಿ ಸಾಗಬೇಕಾದರೆ ಗಾಲಿಯ ಹದ ಸರಿಯಿರಬೇಕು. ಬಡಿಗೇರ ಗುಂಬ ಕಡೆದು, ಅರಗಳನ್ನು ಕೂಡಿಸಿ, ಮರದ ಸುತ್ತು ಮುಗಿಸುತ್ತಿದ್ದ. ಆಮೇಲೆ ಕಮ್ಮಾರನ ಪಾಳಿ. ಗಾಲಿಯ ಸುತ್ತಳತೆಗಿಂತ ತುಸು ಸಣ್ಣದಾಗಿ ಬಾಗಿಸಿದ ಕಬ್ಬಿಣದ ಪಟ್ಟಿಯನ್ನು ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸಿದರೆ ಅದು ಹಿಗ್ಗುತ್ತದೆ. ಇಕ್ಕಳದಿಂದ ಎತ್ತಿ ಗಾಲಿಗೆ ತೊಡಿಸಿ, ಕೊಡಗಟ್ಟಲೆ ನೀರು ಸುರಿದರೆ ಕುಗ್ಗಿ ಮರವನ್ನು ಅಪ್ಪಿಕೊಳ್ಳುತ್ತದೆ. ಆ ಬಿಗಿತಕ್ಕೆ ಅರಗಳು ಗುಂಬದೊಳಕ್ಕೆ ಒತ್ತಿಕೊಳ್ಳುತ್ತವೆ. ಪಟ್ಟಿ ಸಡಿಲವಾದರೆ ಬೇಸಗೆಯಲ್ಲಿ ಮರ ಒಣಗಿ ಗಾಲಿ ಬಿಚ್ಚುತ್ತದೆ. ಅತಿಯಾದರೆ ಅರಗಳು ಒಂದು ಮಗ್ಗುಲಿಗೆ ಬಾಗಿ ಗಾಲಿ ಓರೆಯಾಗುತ್ತದೆ. ಎಷ್ಟು ಬಿಗಿಯಬೇಕೆಂಬ ಲೆಕ್ಕ ಯಾವ ಕಾಗದದಲ್ಲೂ ಇರಲಿಲ್ಲ, ಕಮ್ಮಾರನ ಕಣ್ಣಿನಲ್ಲಿತ್ತು.

ಈ ಓರೆಯನ್ನೇ ಬೇಕೆಂದು ಮಾಡಿದವರು ಯುರೋಪಿನ ಬಂಡಿ ಕುಶಲಿಗಳು. ಕುದುರೆ ನಡೆಯುವಾಗ ಮೈಯನ್ನು ಎಡಕ್ಕೂ ಬಲಕ್ಕೂ ತೂಗುತ್ತದೆ. ಆ ತೂಗಾಟಕ್ಕೆ ಬಂಡಿಯ ಭಾರ ಗಾಲಿಯನ್ನು ಪಕ್ಕಕ್ಕೆ ದೂಡುತ್ತದೆ. ಇದನ್ನು ತಡೆದುಕೊಳ್ಳಲಿ ಎಂದು ಗಾಲಿಯನ್ನು ಆಳವಿಲ್ಲದ ತಟ್ಟೆಯಂತೆ ಕಟ್ಟಿ, ಅಚ್ಚಿನ ತುದಿಯನ್ನು ಸ್ವಲ್ಪ ಕೆಳಕ್ಕೆ ಬಾಗಿಸುತ್ತಿದ್ದರು. ಆಗ ಗಾಲಿಯ ತಲೆ ಹೊರಕ್ಕೆ ವಾಲಿದರೂ ನೆಲಕ್ಕೆ ತಾಗುವ ಅರ ಮಾತ್ರ ನೆಟ್ಟಗೆ ನಿಂತು ಭಾರ ಹೊರುತ್ತಿತ್ತು. 1817ರಲ್ಲಿ ಮ್ಯೂನಿಕ್ಕಿನ ಗೇಯೋರ್ಗ್ ಲಾಂಕೆನ್ಸ್‌ಪರ್ಗರ್ ಎಂಬ ಬಂಡಿಕಾರ, ಅಚ್ಚನ್ನು ಇಡಿಯಾಗಿ ತಿರುಗಿಸದೆ, ಮುಂದಿನ ಗಾಲಿಗಳೆರಡನ್ನು ಒಂದು ಸರಳಿನಿಂದ ಜೋಡಿಸಿ ತಿರುಗಿಸುವ ಉಪಾಯ ಕಂಡುಹಿಡಿದ. ಮರುವರ್ಷ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದ ಅವನ ಪ್ರತಿನಿಧಿ ರುಡಾಲ್ಫ್ ಆಕರ್‌ಮನ್ನನ ಹೆಸರೇ ಅದಕ್ಕೆ ಅಂಟಿಕೊಂಡಿತು. ಕಂಡುಹಿಡಿದವನೊಬ್ಬ, ಹೆಸರು ಹೊತ್ತವನೊಬ್ಬ. ಮೋಟಾರು ಬಂದಾಗ ವಾಲಿದ ಗಾಲಿ, ಜೋಡಿಸುವ ಸರಳು ಎರಡೂ ಅದಕ್ಕೆ ಬಳುವಳಿಯಾಗಿ ಬಂದವು.

ನಮ್ಮಲ್ಲಿ 1930ರ ದಶಕದಿಂದ ಗಾಳಿ ತುಂಬಿದ ಟೈರಿನ ಗಾಡಿ ಬಂತು. ಡನ್‌ಲಪ್ ಗಾಡಿ ಎಂದೇ ಜನ ಅದನ್ನು ಕರೆದರು. ದಾರಿಯನ್ನು ಸೀಳುತ್ತಿದ್ದ ಕಬ್ಬಿಣದ ಪಟ್ಟಿ ಹೋಯಿತು, ಎತ್ತಿಗೆ ಎಳೆತ ಹಗುರಾಯಿತು. ಬೆಂಗಳೂರಿನ ಭಾರತೀಯ ಆಡಳಿತ ನಿರ್ವಹಣಾ ಸಂಸ್ಥೆಯ ಮೊದಲ ನಿರ್ದೇಶಕ ಎನ್. ಎಸ್. ರಾಮಸ್ವಾಮಿಯವರು 1970ರ ದಶಕದಲ್ಲಿ ಎತ್ತಿನ ಗಾಡಿಯ ಸುಧಾರಣೆಗಾಗಿ ಪಟ್ಟುಹಿಡಿದು ವಾದಿಸಿದ್ದೂ ಇಂಥ ಲಾಭಗಳಿಗಾಗಿಯೇ. ಆದರೆ ಟೈರಿನ ಜೊತೆಗೆ ಗಾಲಿಯ ಹದ ಕುಲುಮೆಯಿಂದ ಕಾರ್ಖಾನೆಗೆ ಹೊರಟುಹೋಯಿತು.

ಕಾರಿನಲ್ಲಿ ಈ ಬದಲಾವಣೆ ಇನ್ನೂ ಗಟ್ಟಿಯಾಯಿತು. ಅಮೆರಿಕದ ಇಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ ಎರಡನೇ ಮಹಾಯುದ್ಧದ ಬಳಿಕ ರೂಪಿಸಿದ ‘ಸ್ಟ್ರಟ್’ ವ್ಯವಸ್ಥೆಯಲ್ಲಿ ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಎರಡೂ ಒಂದೇ ಕಂಬವಾಗಿ ಗಾಲಿಯ ಮೇಲೆ ನಿಲ್ಲುತ್ತವೆ. ಅಗ್ಗ, ಹಗುರ, ಇಂಜಿನ್ನಿಗೆ ಜಾಗವೂ ಹೆಚ್ಚು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರ ಮುಂಭಾಗದಲ್ಲಿ ಇದ್ದದ್ದೂ ಇದೇ. ಇಂಥ ಬಹುಪಾಲು ಕಾರುಗಳಲ್ಲಿ ಓರೆಯನ್ನು ತಿದ್ದಲು ತಿರುಪೇ ಇರುವುದಿಲ್ಲ. ಸಾಮಾನ್ಯ ಓಡಾಟಕ್ಕೆ ಅದರ ಅಗತ್ಯವೂ ಇಲ್ಲ. ತಕರಾರು ಎದ್ದದ್ದು ಪಂದ್ಯದವರಿಂದ. ವೇಗವಾಗಿ ತಿರುವಿನಲ್ಲಿ ನುಗ್ಗಿದಾಗ ಕಾರು ಹೊರಕ್ಕೆ ವಾಲಿ, ಹೊರಗಿನ ಟೈರು ತನ್ನ ಅಂಚಿನ ಮೇಲೆ ನಿಲ್ಲುತ್ತದೆ. ಮೊದಲೇ ಅದನ್ನು ಒಳಕ್ಕೆ ವಾಲಿಸಿಟ್ಟರೆ ತಿರುವಿನಲ್ಲಿ ಇಡೀ ಟೈರು ನೆಲ ಹಿಡಿಯುತ್ತದೆ. ಪ್ಲೇಟು ಹುಟ್ಟಿದ್ದು ಈ ಲೆಕ್ಕದಿಂದ.

ಪ್ಲೇಟು ಕೂರುವುದು ಬಾನೆಟ್ಟಿನ ಕೆಳಗೆ, ಸ್ಟ್ರಟ್ಟಿನ ನೆತ್ತಿಯ ಮೇಲೆ. ಅದರಲ್ಲಿ ಉದ್ದನೆಯ ಸೀಳುಗಳಿರುತ್ತವೆ. ನೆತ್ತಿಯನ್ನು ಇಂಜಿನ್ನಿನ ಕಡೆ ಸರಿಸಿದರೆ ಗಾಲಿಯ ತಲೆ ಒಳಕ್ಕೆ ವಾಲುತ್ತದೆ. ಕೆಲಸ ನೋಡಲು ಸುಲಭ. ಅಪಾಯ ಅಡಗಿರುವುದು ಸ್ಪ್ರಿಂಗಿನಲ್ಲಿ. ಅದನ್ನು ಹಿಡಿದಿಟ್ಟಿರುವುದು ನಡುವಿನ ಒಂದು ನಟ್ಟು. ಸ್ಪ್ರಿಂಗನ್ನು ಅದುಮುವ ಸಾಧನ ಬಿಗಿಯದೆ ಆ ನಟ್ಟನ್ನು ಬಿಚ್ಚಿದರೆ ಸ್ಪ್ರಿಂಗು ಸಿಡಿದು ಪ್ರಾಣವನ್ನೇ ತೆಗೆಯಬಲ್ಲದು. ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ತೋಳು ಚಾಚುವುದೂ ಅಷ್ಟೇ ಅವಿವೇಕ. ಗಟ್ಟಿ ಸ್ಟ್ಯಾಂಡು ಇರಲೇಬೇಕು. ರಬ್ಬರಿನ ಜಾಗದಲ್ಲಿ ಲೋಹದ ಬೇರಿಂಗು ಇರುವ ಪ್ಲೇಟಾದರೆ ದಾರಿಯ ಪ್ರತಿ ತಗ್ಗಿನ ಸದ್ದೂ ಒಳಗೆ ಕೇಳುತ್ತದೆ. ಕಬ್ಬಿನ ಹಂಗಾಮಿನಲ್ಲಿ ಟ್ರೇಲರುಗಳು ಉತ್ತು ಹಾಕಿದ ನಮ್ಮ ರಸ್ತೆಗಳಲ್ಲಿ ಅದು ಸಣ್ಣ ಕಿರಿಕಿರಿಯಲ್ಲ.

ಅಳತೆಗೆ ಗೌಂಡಿಗಳ ತೂಗುಗುಂಡು ಸಾಕು. ಸಮತಟ್ಟಾದ ನೆಲದಲ್ಲಿ ಗಾಲಿಯ ಪಕ್ಕ ದಾರ ಇಳಿಬಿಟ್ಟು, ರಿಮ್ಮಿನ ಮೇಲಂಚಿಗೂ ಕೆಳಂಚಿಗೂ ದಾರದಿಂದ ಇರುವ ಅಂತರ ನೋಡಬೇಕು. 35 ಸೆಂಟಿಮೀಟರ್ ಎತ್ತರದಲ್ಲಿ 6 ಮಿಲಿಮೀಟರ್ ವ್ಯತ್ಯಾಸ ಬಂದರೆ ಓರೆ ಹೆಚ್ಚುಕಡಿಮೆ ಒಂದು ಡಿಗ್ರಿ. ಇಲ್ಲಿಗೆ ಕೆಲಸ ಮುಗಿಯಿತೆಂದು ಕೈ ತೊಳೆಯುವವರೇ ಹೆಚ್ಚು. ಲಾಂಕೆನ್ಸ್‌ಪರ್ಗರನ ಸರಳು ಲೆಕ್ಕ ಕೇಳುವುದು ಆಮೇಲೆ. ಓರೆ ಬದಲಾದರೆ, ಸರಳಿಗೆ ಕಟ್ಟುಬಿದ್ದ ಗಾಲಿಗಳ ಮೂತಿಯೂ ತುಸು ಒಳಕ್ಕೋ ಹೊರಕ್ಕೋ ತಿರುಗುತ್ತದೆ. ಇದಕ್ಕೆ ‘ಟೋ’ ಎಂದು ಹೆಸರು. ಓರೆಗಿಂತ ಬೇಗ ಟೈರು ತಿನ್ನುವುದು ಇದೇ. ಆದ್ದರಿಂದ ಕೊನೆಗೆ ಅಲೈನ್‌ಮೆಂಟ್ ಯಂತ್ರವಿರುವ ಅಂಗಡಿಗೆ ಹೋಗುವುದು ತಪ್ಪದು.

ಕಾನೂನಿನ ಮಾತೂ ಇದೆ. ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಹೇಳಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟು ಅದನ್ನು ಬಿಗಿಯಾಗಿಯೇ ಅರ್ಥೈಸಿತು. ಓರೆ ನೋಂದಣಿ ಪತ್ರದಲ್ಲಿ ಬರೆದ ವಿವರವಲ್ಲ, ನಿಜ. ಆದರೂ ಮೊದಲೇ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಒಳಿತು.

ಜೋಡಿಸಿಯೇ ಬಿಟ್ಟವರು ಒಂದೆರಡು ಸಾವಿರ ಕಿಲೋಮೀಟರ್ ಓಡಿಸಿ ಟೈರಿನ ಮೇಲೆ ಅಡ್ಡಲಾಗಿ ಅಂಗೈ ಎಳೆದು ನೋಡಬೇಕು. ಒಳಗಿನ ಅಂಚು ಮಾತ್ರ ನುಣುಪಾಗಿದ್ದರೆ ಓರೆ ಅತಿಯಾಗಿದೆ. ಹೋಗುವಾಗ ನುಣುಪು, ಮರಳುವಾಗ ಗರಗಸದಂತೆ ತರಚಿದರೆ ಟೋ ತಪ್ಪಿದೆ.