ಇಕ್ಕಟ್ಟಿನ ಲೆಕ್ಕ: ಭಾರತದ ನಗರ ವಸತಿ ಕೊರತೆಯ ಅಂದಾಜಿನ ಮರುಪರಿಶೀಲನೆ

ಭಾರತದ ನಗರಗಳ ವಸತಿ ಕೊರತೆಯ ಮಾತು ಬಂದಲ್ಲೆಲ್ಲ 1.878 ಕೋಟಿ ಎಂಬ ಅಂಕಿ ಬರುತ್ತದೆ. ಅಮಿತಾಭ್ ಕುಂಡು ಅವರ ಅಧ್ಯಕ್ಷತೆಯ ತಾಂತ್ರಿಕ ತಂಡ 2012ರಲ್ಲಿ ಕೇಂದ್ರ ಸರ್ಕಾರಕ್ಕೆ ಸಲ್ಲಿಸಿದ ಅಂದಾಜು ಇದು. ಇದರಲ್ಲಿ ಕರ್ನಾಟಕದ ಪಾಲು ಸುಮಾರು 10.2 ಲಕ್ಷ. ಹನ್ನೊಂದನೆಯ ಪಂಚವಾರ್ಷಿಕ ಯೋಜನೆಯ ಆರಂಭದಲ್ಲಿ, 2007ರಲ್ಲಿ, ಕೊರತೆಯನ್ನು 2.471 ಕೋಟಿ ಎಂದು ಲೆಕ್ಕ ಹಾಕಲಾಗಿತ್ತು. ಇಕ್ರಿಯರ್ ಎಂಬ ಆರ್ಥಿಕ ಸಂಶೋಧನಾ ಸಂಸ್ಥೆಯ ಅಧ್ಯಯನವೊಂದು 2018ರ ಕೊರತೆಯನ್ನು 2.9 ಕೋಟಿ ಎಂದಿತು. ಐದು ವರ್ಷದಲ್ಲಿ ಅರ್ಧ ಕೋಟಿಗೂ ಹೆಚ್ಚು ಇಳಿದು, ಮುಂದಿನ ಆರು ವರ್ಷದಲ್ಲಿ ಒಂದು ಕೋಟಿ ಏರುವ ಅಂಕಿಯಲ್ಲಿ ನಗರಗಳ ಬದಲಾವಣೆ ಎಷ್ಟು, ಅಳತೆಗೋಲಿನ ಬದಲಾವಣೆ ಎಷ್ಟು ಎಂದು ಕೇಳದೆ ಮುಂದೆ ಹೋಗುವಂತಿಲ್ಲ.

ಕೊರತೆಯ ಕಾರಣಗಳ ಬಗ್ಗೆ ವಿದ್ವಾಂಸರಲ್ಲಿ ಹೆಚ್ಚಿನ ಜಗಳವಿಲ್ಲ. 1976ರ ನಗರ ಭೂಮಿತಿ ಕಾಯ್ದೆ ಭೂಮಿಯನ್ನು ಬಡವರಿಗೆ ಹಂಚುವ ಬದಲು ಮಾರುಕಟ್ಟೆಯಿಂದಲೇ ಕಟ್ಟಿಹಾಕಿತು. 1999ರಲ್ಲಿ ಕೇಂದ್ರವೇ ಅದನ್ನು ರದ್ದುಪಡಿಸಿತು. ಮುಂಬೈಯಂಥ ನಗರಗಳಲ್ಲಿ 1940ರ ದಶಕದ ಬಾಡಿಗೆ ನಿಯಂತ್ರಣ ಹಳೆಯ ಚಾಳ್‌ಗಳನ್ನು ದುರಸ್ತಿಯಿಲ್ಲದೆ ಕೊಳೆಸಿತು. ನಿವೇಶನದ ಬೆಲೆ ದುಡಿಮೆಗಾರರ ಕೈಗೆಟುಕುವುದಿಲ್ಲ. ಸಂಬಳದ ಚೀಟಿಯಿಲ್ಲದವರಿಗೆ ಬ್ಯಾಂಕು ಸಾಲ ಕೊಡುವುದಿಲ್ಲ. ಕೊರತೆ ಎದುರಿಸುವ ಕುಟುಂಬಗಳಲ್ಲಿ ಶೇ. 95ಕ್ಕೂ ಹೆಚ್ಚು ಆರ್ಥಿಕವಾಗಿ ದುರ್ಬಲ ಮತ್ತು ಕಡಿಮೆ ಆದಾಯದ ವರ್ಗಗಳವು ಎಂದು ಕುಂಡು ತಂಡ ತೋರಿಸಿಕೊಟ್ಟದ್ದನ್ನೂ ಯಾರೂ ಅಲ್ಲಗಳೆದಿಲ್ಲ. ನನ್ನ ತಕರಾರು ಇವು ಯಾವುದರ ಮೇಲೂ ಅಲ್ಲ, 1.878 ಕೋಟಿಯ ಒಳಗಿರುವ ಒಂದು ಸಾಲಿನ ಮೇಲೆ.

ಆ ಅಂಕಿ ನಾಲ್ಕು ಭಾಗಗಳ ಮೊತ್ತ. ವಸತಿಯೇ ಇಲ್ಲದವರು 5.3 ಲಕ್ಷ ಕುಟುಂಬ. ದುರಸ್ತಿಗೆ ನಿಲುಕದ ಕಚ್ಚಾ ಮನೆಗಳಲ್ಲಿರುವವರು 9.9 ಲಕ್ಷ. ಜೀರ್ಣವಾದ ಮನೆಗಳಲ್ಲಿರುವವರು 22.7 ಲಕ್ಷ. ಉಳಿದ 1.499 ಕೋಟಿ ಕುಟುಂಬಗಳು, ಅಂದರೆ ಐದರಲ್ಲಿ ನಾಲ್ಕು ಪಾಲು, ಇಕ್ಕಟ್ಟಿನಲ್ಲಿ ಬದುಕುವವು. ಈ ಕೊನೆಯ ಸಾಲಿಗೆ ತಂಡ ಕೊಟ್ಟ ತಲೆಬರಹದಲ್ಲಿ ಅವರಿಗೆ 'ಹೊಸ ಮನೆ ಬೇಕು' ಎಂಬ ಅರ್ಥದ ಮಾತೂ ಸೇರಿದೆ. ಇಕ್ಕಟ್ಟನ್ನು ಬದಿಗಿಟ್ಟರೆ ಕೊರತೆ 37.9 ಲಕ್ಷಕ್ಕೆ ಇಳಿಯುತ್ತದೆ. ಒಂದು ರಾಷ್ಟ್ರೀಯ ಅಂದಾಜು ಒಂದೇ ವ್ಯಾಖ್ಯೆಯ ಮೇಲೆ ಇಷ್ಟೊಂದು ಭಾರ ಹಾಕಿ ನಿಂತಿರುವಾಗ ಆ ವ್ಯಾಖ್ಯೆಯನ್ನು ಬಿಡಿಸಿ ನೋಡಲೇಬೇಕು.

ತಂಡದ ಮಾನದಂಡ ಹೀಗಿದೆ: ಮನೆಯಲ್ಲಿರುವ ಪ್ರತಿ ದಂಪತಿಗೂ ಪ್ರತ್ಯೇಕ ಕೋಣೆ ಇರಬೇಕು, ಇಲ್ಲವಾದರೆ ಆ ಕುಟುಂಬ ಇಕ್ಕಟ್ಟಿನದು. ಇದಕ್ಕೆ ಆಧಾರ 2008–09ರ ರಾಷ್ಟ್ರೀಯ ಮಾದರಿ ಸಮೀಕ್ಷೆ. ಈ ಮಾನದಂಡವನ್ನು ಹಾಸ್ಯ ಮಾಡುವವರ ಜತೆ ನಾನಿಲ್ಲ. ಮಗ–ಸೊಸೆಗೆ ಒಂದು ಕದ ಮುಚ್ಚಿಕೊಳ್ಳುವ ಹಕ್ಕಿರಬೇಕು ಎನ್ನುವುದು ಘನತೆಯ ಪ್ರಶ್ನೆ. ವಸತಿ ಕೊರತೆಯನ್ನು ಬೀದಿಯಲ್ಲಿ ಮಲಗುವವರ ಸಂಖ್ಯೆಗೆ ಕುಗ್ಗಿಸದೆ, ಸೂರಿದ್ದೂ ವಸತಿ ದಾರಿದ್ರ್ಯದಲ್ಲಿರುವವರತ್ತ ಗಮನ ಸೆಳೆದದ್ದು ಆ ತಂಡದ ದೊಡ್ಡ ಕೊಡುಗೆಯೇ. ತೊಡಕು ಬರುವುದು ಅಲ್ಲಿಂದ ಮುಂದಿನ ಹೆಜ್ಜೆಯಲ್ಲಿ: ಇಕ್ಕಟ್ಟಿನ ಒಂದು ಕುಟುಂಬವನ್ನು ಒಂದು ಮನೆಯ ಕೊರತೆ ಎಂದು ಎಣಿಸಿದ್ದರಲ್ಲಿ.

ಎರಡು ಕೋಣೆಯ ಮನೆಯಲ್ಲಿ ತಂದೆ–ತಾಯಿ ಮತ್ತು ಮದುವೆಯಾದ ಇಬ್ಬರು ಗಂಡುಮಕ್ಕಳ ಸಂಸಾರ ಇದೆ ಎನ್ನೋಣ. ದಾವಣಗೆರೆಯಲ್ಲೋ ಹುಬ್ಬಳ್ಳಿಯಲ್ಲೋ ಸ್ವಂತ ನಿವೇಶನವಿದ್ದರೆ ಇವರಿಗೆ ಬೇಕಾದದ್ದು ಮಾಳಿಗೆಯ ಮೇಲೊಂದು ಕೋಣೆ, ಅದಕ್ಕೊಂದು ಸಣ್ಣ ಸಾಲ. ಇದೇ ಕುಟುಂಬ ಹಕ್ಕುಪತ್ರವಿಲ್ಲದ ಕೊಳೆಗೇರಿಯಲ್ಲಿದ್ದರೆ ಮೊದಲು ಬೇಕಾದದ್ದು ಕಾಗದ. ಅದಿಲ್ಲದೆ ಸಾಲವೂ ಇಲ್ಲ, ಗಟ್ಟಿ ಗೋಡೆ ಎಬ್ಬಿಸುವ ಧೈರ್ಯವೂ ಇಲ್ಲ. ಇನ್ನು ಬೆಂಗಳೂರಿನ ವಠಾರವೊಂದರಲ್ಲಿ ಬಾಡಿಗೆಗಿದ್ದರೆ, ಹಿರಿಯ ಮಗ ಬೇರೆ ಮನೆ ಹೂಡಲು ಹತ್ತು ತಿಂಗಳ ಅಡ್ವಾನ್ಸ್ ಹೊಂದಿಸಬೇಕು. ಅವನನ್ನು ಕಟ್ಟಿಹಾಕಿರುವುದು ಬಾಡಿಗೆಗಿಂತ ಹೆಚ್ಚಾಗಿ ಆ ಇಡುಗಂಟು. ಕೋಷ್ಟಕದಲ್ಲಿ ಮೂವರದೂ ಒಂದೇ ಗೆರೆ: ಹೊಸ ಮನೆ ಬೇಕು.

ಇದೇ ಮಾನದಂಡ ಇನ್ನೊಂದು ಕಡೆ ಏನನ್ನೂ ಕಾಣುವುದಿಲ್ಲ. ದಂಪತಿಯನ್ನು ಘಟಕವಾಗಿ ಹಿಡಿದಾಗ, ದಂಪತಿಯೇ ಇಲ್ಲದ ಕೋಣೆ ಎಷ್ಟು ತುಂಬಿ ತುಳುಕಿದರೂ ಇಕ್ಕಟ್ಟಲ್ಲ. ಪೀಣ್ಯ, ಬೊಮ್ಮನಹಳ್ಳಿಗಳಲ್ಲಿ ಒಂದೇ ಕೋಣೆಯನ್ನು ಹಂಚಿಕೊಂಡಿರುವ ಗಾರ್ಮೆಂಟ್ ಕಾರ್ಮಿಕ ಹೆಣ್ಣುಮಕ್ಕಳು, ಪಾಳಿಯಂತೆ ಹಾಸಿಗೆ ಹಂಚಿಕೊಳ್ಳುವ ಗಂಡಸರು ಈ ಲೆಕ್ಕದಿಂದ ಜಾರಿಹೋಗುತ್ತಾರೆ. ಯಾದಗಿರಿ, ರಾಯಚೂರು ಕಡೆಯಿಂದ ಬಂದು ಕಟ್ಟಡದ ಪಕ್ಕದ ತಗಡಿನ ಶೆಡ್‌ನಲ್ಲಿರುವವರು ಕಚ್ಚಾ ಮನೆಗಳ ಸಾಲಿನಲ್ಲಿ ಸ್ವಲ್ಪಮಟ್ಟಿಗೆ ಸಿಗಬಹುದು, ಎಲ್ಲರೂ ಸಿಕ್ಕಿದ್ದಾರೆಂದು ನಂಬುವುದು ಕಷ್ಟ.

ಹಾಗಾಗಿ ನನ್ನ ವಾದ ಇಷ್ಟು: 1.499 ಕೋಟಿ ಎಂಬುದು ಮನೆಗಳ ಕೊರತೆಯ ಅಳತೆ ಅಲ್ಲ. ಕೋಣೆ, ಹಕ್ಕು ಮತ್ತು ಬಾಡಿಗೆ ಎಂಬ ಮೂರು ಬೇರೆ ಬೇರೆ ಕೊರತೆಗಳ ಬೆರಕೆ. ಈ ಮಾತಿಗೆ ಮಿತಿಗಳಿವೆ. ಮೂರರ ಪ್ರಮಾಣವನ್ನು ನಾನು ಬಿಡಿಸಿ ಹೇಳಲಾರೆ. ಲಭ್ಯ ಅಂಕಿಗಳು ಅದಕ್ಕೆ ಸಾಲವು. ಧಾರಾವಿಯಂಥ ಕಡೆ ಮೇಲೆ ಕೋಣೆ ಏರಿಸುವ ಮಾತು ಕೈಗೂಡದು, ಅಲ್ಲಿ ಇಕ್ಕಟ್ಟು ಎಂದರೆ ನಿಜವಾಗಿಯೂ ಹೊಸ ಮನೆಯೇ. ಒಟ್ಟು ಕೊರತೆ ಕಡಿಮೆ ಎಂಬುದೂ ನನ್ನ ವಾದವಲ್ಲ. ಒಂಟಿ ವಲಸೆಗಾರರನ್ನು ಸೇರಿಸಿದರೆ ಅದು ಹೆಚ್ಚೂ ಆದೀತು.

ಇಲ್ಲಿ ಇನ್ನೊಂದು ಜನಪ್ರಿಯ ವಾದವನ್ನೂ ಎದುರಿಸಬೇಕು. 2011ರ ಜನಗಣತಿಯಲ್ಲಿ ನಗರಗಳ 1.1 ಕೋಟಿ ಮನೆಗಳು ಖಾಲಿ ಇದ್ದವು. ಅವನ್ನು ತುಂಬಿಸಿದರೆ ಅರ್ಧ ಕೊರತೆ ನೀಗುತ್ತದಲ್ಲ ಎಂದು ಹಲವರು ಬರೆದಿದ್ದಾರೆ. ಲೆಕ್ಕವೇನೋ ಸರಿ, ಆದರೆ ಗಣತಿಯ 'ಮನೆ' ಎಂದರೆ ವಾಸದ ಮನೆಯೇ ಆಗಬೇಕಿಲ್ಲ. ಖಾಲಿ ಬಿದ್ದದ್ದು ಅಂಗಡಿಯಾಗಬೇಕಿತ್ತೋ ವಾಸದ್ದೋ ಎಂದು ಅದು ಹೇಳುವುದಿಲ್ಲ. ಖಾಲಿತನಕ್ಕೆಲ್ಲ ಬಾಡಿಗೆ ಕಾನೂನೇ ಕಾರಣ ಎಂಬ ವಿವರಣೆಯೂ ಕರ್ನಾಟಕದಲ್ಲಿ ನಿಲ್ಲುವುದಿಲ್ಲ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯನ್ನು ತನ್ನ ವ್ಯಾಪ್ತಿಯಿಂದಲೇ ಹೊರಗಿಟ್ಟಿದೆ. ಇವತ್ತು ಆ ಮೊತ್ತಕ್ಕೆ ಇಲ್ಲಿ ಸಿಗುವ ಮನೆ ಎಂಥದ್ದೆಂದು ಓದುಗರಿಗೆ ಹೇಳಬೇಕಿಲ್ಲ.

ಇದಕ್ಕಿಂತ ಗಟ್ಟಿಯಾದ ಪುರಾವೆ ಸರ್ಕಾರದ ಕೈಯಲ್ಲೇ ಇದೆ. 2020ರಲ್ಲಿ ವಲಸೆ ಕಾರ್ಮಿಕರಿಗಾಗಿ ಕೈಗೆಟುಕುವ ಬಾಡಿಗೆ ವಸತಿ ಯೋಜನೆ ಘೋಷಿಸಿದಾಗ, ಹಿಂದಿನ ಯೋಜನೆಗಳಲ್ಲಿ ಕಟ್ಟಿ ಹಂಚಿಕೆಯಾಗದೆ ಉಳಿದ 80 ಸಾವಿರಕ್ಕೂ ಹೆಚ್ಚು ಸರ್ಕಾರಿ ಮನೆಗಳನ್ನು ಬಾಡಿಗೆಗೆ ಒದಗಿಸುವ ಉದ್ದೇಶವಿತ್ತು. ಮೊದಲ ಮೂರು ವರ್ಷಗಳಲ್ಲಿ ಬಾಡಿಗೆ ವಸತಿಯಾದವು ಕೆಲವೇ ಸಾವಿರ. ಈ ಮನೆಗಳ ಮಾಲೀಕನಿಗೆ ಬಾಡಿಗೆದಾರ ಏಳುವುದಿಲ್ಲವೆಂಬ ಭಯವಿರಲಿಲ್ಲ, ಬೆಲೆ ಏರಲೆಂದು ಕಾಯುವ ದುರಾಸೆಯೂ ಇರಲಿಲ್ಲ. ಆದರೂ ಖಾಲಿ ಉಳಿದವು. ಊರಾಚೆ ಕಟ್ಟಿದ ಮನೆಗೆ ನೀರು, ಬಸ್ಸು, ಕೂಲಿ ಮೂರೂ ದೂರವಾದರೆ ಅದು ಎಣಿಕೆಗೆ ಮಾತ್ರ ಮನೆ.

2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ ವಿಭಾಗವೂ ನನ್ನ ಓದಿಗೆ ಒಂದು ಮಟ್ಟಿಗೆ ಬೆಂಬಲ ಕೊಡುತ್ತದೆ. ರಾಜ್ಯಗಳಿಂದ ಬಂದ ಬೇಡಿಕೆ ಸುಮಾರು 1.12 ಕೋಟಿ. ಮಂಜೂರಾದವುಗಳಲ್ಲಿ ಅರ್ಧಕ್ಕೂ ಹೆಚ್ಚು, ಸ್ವಂತ ಜಾಗವಿರುವ ಫಲಾನುಭವಿ ತಾನೇ ಕಟ್ಟಿಕೊಳ್ಳುವ ಅಥವಾ ಇರುವುದನ್ನೇ ವಿಸ್ತರಿಸುವ ವಿಭಾಗದವು. ಕೊಳೆಗೇರಿಗಳನ್ನು ಇದ್ದಲ್ಲೇ ಪುನರಭಿವೃದ್ಧಿ ಮಾಡುವ ವಿಭಾಗ ಮೂರು ಲಕ್ಷದ ಆಸುಪಾಸಿನಲ್ಲೇ ನಿಂತಿತು. ಇದನ್ನು ನೇರ ಸಾಕ್ಷ್ಯವೆಂದು ಎತ್ತಿ ಹಿಡಿಯುವಂತಿಲ್ಲ, ಏಕೆಂದರೆ ಜಾಗವಿಲ್ಲದವರು ಸ್ವಂತ ಜಾಗದವರ ಆ ವಿಭಾಗಕ್ಕೆ ಅರ್ಜಿ ಹಾಕುವಂತೆಯೇ ಇರಲಿಲ್ಲ. ಆದರೆ ಜಾಗವಿದ್ದವರಿಗೆ ಹಣ ಸಿಕ್ಕರೆ ಇಕ್ಕಟ್ಟು ಕರಗುತ್ತದೆ, ಇಲ್ಲದವರನ್ನು ಅದೇ ಹಣ ಮುಟ್ಟುವುದಿಲ್ಲ ಎಂಬುದು ಇದರಿಂದ ಕಾಣುತ್ತದೆ.

ಪರಿಹಾರವನ್ನೂ ಹೀಗೆ ಒಡೆಯಬೇಕು. ಜಾಗವಿದ್ದವರಿಗೆ ಕೋಣೆ ಸೇರಿಸಲು ಸಣ್ಣ ಸಾಲ. ಕೊಳೆಗೇರಿಗಳಿಗೆ ಮೊದಲು ಹಕ್ಕುಪತ್ರ. ನಗರ ಪ್ರದೇಶದ ಸರ್ಕಾರಿ ಜಮೀನಿನಲ್ಲಿ ಮನೆ ಕಟ್ಟಿಕೊಂಡವರಿಗಾಗಿ ಕರ್ನಾಟಕ ಭೂಕಂದಾಯ ಕಾಯ್ದೆಯಲ್ಲಿ 94ಸಿಸಿ ಕಲಮಿದೆ, ಅದನ್ನು ಚುನಾವಣೆಯ ಹೊತ್ತಿನ ಉಡುಗೊರೆಯಾಗಿ ನೋಡುವುದನ್ನು ಬಿಡಬೇಕು. ಬಾಡಿಗೆದಾರರಿಗೆ ಅಡ್ವಾನ್ಸ್‌ನ ಮಿತಿ: 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಯಷ್ಟೇ ಠೇವಣಿ ಎನ್ನುತ್ತದೆ, ಆದರೆ ರಾಜ್ಯ ತನ್ನದಾಗಿಸಿಕೊಳ್ಳದೆ ಅದು ಜಾರಿಗೆ ಬರುವುದಿಲ್ಲ. 2024ರಲ್ಲಿ ಆರಂಭವಾದ ಆವಾಸ್ ಯೋಜನೆಯ ಎರಡನೆಯ ಹಂತದಲ್ಲಿ ಬಾಡಿಗೆ ವಸತಿಗೇ ಪ್ರತ್ಯೇಕ ವಿಭಾಗವಿರುವುದು ಸ್ವಾಗತಾರ್ಹ; ಅಲ್ಲಿ ಕಟ್ಟುವ ಮನೆಗಳು ಊರಾಚೆ ಹೋಗದಿದ್ದರೆ ಮಾತ್ರ.

ಅಗ್ಗದ ಬಾಡಿಗೆ ಮನೆ ಸಿಕ್ಕರೆ ಇಕ್ಕಟ್ಟಿನಲ್ಲಿರುವ ಕೂಡುಕುಟುಂಬಗಳಲ್ಲಿ ಎಷ್ಟು ಬೇರೆಯಾಗುತ್ತವೆ, ಎಷ್ಟು ಒಂದು ಕೋಣೆ ಹೆಚ್ಚಾದರೆ ಒಟ್ಟಿಗೇ ಉಳಿಯುತ್ತವೆ ಎಂಬುದು ಇತ್ಯರ್ಥವಾಗದ ಪ್ರಶ್ನೆ. 2011ರ ಮನೆಪಟ್ಟಿಯ ನಮೂನೆಯಲ್ಲಿ ಕೋಣೆಗಳ ಸಂಖ್ಯೆ, ವಿವಾಹಿತ ದಂಪತಿಗಳ ಸಂಖ್ಯೆ, ಮನೆ ಸ್ವಂತದ್ದೋ ಬಾಡಿಗೆಯದೋ ಎಂಬ ಮೂರೂ ಪ್ರಶ್ನೆಗಳಿದ್ದವು. ಮುಂದಿನ ಗಣತಿಯ ಫಲಿತಾಂಶ ಹೊರಬಂದಾಗ ಈ ಮೂರನ್ನು ನಗರವಾರು ಒಟ್ಟಿಗೆ ಸೇರಿಸಿದ ಕೋಷ್ಟಕವನ್ನು ಪ್ರಕಟಿಸಬೇಕೆಂದು ಸಂಶೋಧಕರು ಈಗಿನಿಂದಲೇ ಒತ್ತಾಯಿಸಬೇಕು.