ಕಡಿತದ ಕಾಲಂ ಇಲ್ಲದ ಗಳಿಕೆ

ನಮ್ಮೂರಲ್ಲಿ ಇಸ್ಪೀಟು ಆಡೋನಿಗೆ ಹೆಣ್ಣು ಕೊಡಲ್ಲ. ಅಮೆರಿಕದ ಲಾಸ್ ವೇಗಸ್‌ನಲ್ಲಿ ಅದೇ ಒಂದು ವೃತ್ತಿ. ನ್ಯೂಯಾರ್ಕಿನ ಸ್ಟೂ ಉಂಗರ್ ಮೊದಲು ಜಿನ್ ರಮ್ಮಿ ಆಡ್ತಿದ್ದ. ಎದುರಿಗೆ ಕೂರೋರೇ ಸಿಗದೆ ಪೋಕರ್‌ಗೆ ಬಂದ. ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಮುಖ್ಯ ಪಂದ್ಯವನ್ನು 1980, 1981ರಲ್ಲಿ ಗೆದ್ದ. ಬಂದ ಹಣ ಕುದುರೆ ಜೂಜಿಗೆ, ಕೊಕೇನ್‌ಗೆ ಹೋಯ್ತು.

1997ರಲ್ಲಿ ಪ್ರವೇಶ ಶುಲ್ಕ 10,000 ಡಾಲರ್ ಕಟ್ಟಿದ್ದು ಬಿಲ್ಲಿ ಬ್ಯಾಕ್ಸ್ಟರ್ ಎಂಬ ಇನ್ನೊಬ್ಬ ಆಟಗಾರ. ಉಂಗರ್ ಮೂರನೇ ಸಲ ಗೆದ್ದ. ಬಹುಮಾನದ 10 ಲಕ್ಷ ಡಾಲರಿನಲ್ಲಿ ಅರ್ಧ ಬ್ಯಾಕ್ಸ್ಟರ್ ಪಾಲಾಯ್ತು. ದಾಖಲೆಯಲ್ಲಿ ಮಾತ್ರ ಪೂರ್ತಿ ಹಣ ಉಂಗರ್ ಹೆಸರಲ್ಲೇ ಇದೆ. ನನ್ನ ಸಂಬಳದ ಚೀಟಿಯಲ್ಲಾದರೂ ಕಡಿತದ ಕಾಲಂ ಇರುತ್ತೆ; ಪೋಕರ್ ಆಟಗಾರರ ಗಳಿಕೆಪಟ್ಟಿಯಲ್ಲಿ ಅದಿಲ್ಲ.

1998ರ ನವೆಂಬರಿನಲ್ಲಿ, 45ನೇ ವಯಸ್ಸಿಗೆ, ಅವನು ಅಗ್ಗದ ಮೋಟೆಲೊಂದರಲ್ಲಿ ಸತ್ತ. ಹತ್ತಿರ ಇದ್ದದ್ದು ಸುಮಾರು 800 ಡಾಲರ್.